ಹಳೆಯ ಮೋಟಾರಿನ ಎಂಜಿನ್ನನ್ನು ಬಿಚ್ಚುವ ವಿದ್ಯೆ

ಯಂತ್ರವನ್ನು ಬಿಚ್ಚುವುದು ಸುಲಭ, ಮತ್ತೆ ಜೋಡಿಸುವುದೇ ಕಷ್ಟ ಎಂದು ಲೋಕದಲ್ಲಿ ಒಂದು ಮಾತುಂಟು. ಗಡಿಯಾರವನ್ನೋ ಸೈಕಲ್ಲಿನ ಹಿಂದಿನ ಚಕ್ರವನ್ನೋ ಕುತೂಹಲದಿಂದ ಬಿಚ್ಚಿ ನೋಡಿದ ಹುಡುಗರಿಗೆಲ್ಲ ಈ ಮಾತಿನ ಅರ್ಥ ಚೆನ್ನಾಗಿ ಗೊತ್ತು. ಆದರೆ ಜೋಡಿಸುವಾಗ ಎದುರಾಗುವ ಕಷ್ಟ ನಿಜವಾಗಿ ಹುಟ್ಟುವುದು ಎಲ್ಲಿ? ಬಿಚ್ಚುವ ಗಳಿಗೆಯಲ್ಲಿಯೇ. ಯಾವ ಭಾಗ ಎಲ್ಲಿತ್ತು, ಯಾವ ಮುಖ ಯಾವ ಕಡೆಗೆ ತಿರುಗಿತ್ತು, ಯಾವುದಕ್ಕೆ ಯಾವುದು ಜೊತೆಯಾಗಿತ್ತು ಎಂಬುದನ್ನು ಆಗ ಗಮನಿಸದೆ ಹೋದರೆ, ಮುಂದೆ ಎಂತಹ ನಿಪುಣನಿಗೂ ಅದನ್ನು ಕಂಡುಹಿಡಿಯುವುದು ದುಸ್ಸಾಧ್ಯ.

ಬಹುಕಾಲ ಓಡಿದ ಯಂತ್ರವು ಕಾರ್ಖಾನೆಯಿಂದ ಹೊರಬಿದ್ದ ದಿನ ಇದ್ದಂತೆ ಇರುವುದಿಲ್ಲ. ಅದರ ಒಂದೊಂದು ಭಾಗವೂ ತನ್ನ ಜೊತೆಯ ಭಾಗಕ್ಕೆ ಉಜ್ಜಿ ಉಜ್ಜಿ, ಅದಕ್ಕೇ ಹೊಂದುವಂತೆ ಸವೆದಿರುತ್ತದೆ. ಈ ಸವೆತವೇ ಯಂತ್ರದ ಚರಿತ್ರೆ. ಅದನ್ನು ಓದುತ್ತ ಬಿಚ್ಚುವುದು ಒಂದು ವಿದ್ಯೆ. ಓದದೆ ಬಿಚ್ಚುವುದಾದರೆ ಅದು ಗುಜರಿಯವನ ಕೆಲಸ. ಈ ವಿದ್ಯೆಯ ಪರಿಚಯಕ್ಕಾಗಿ ನಮ್ಮ ದೇಶದ ಜನರೆಲ್ಲ ಬಲ್ಲ ಒಂದು ಮೋಟಾರುಗಾಡಿಯನ್ನೇ ಆರಿಸಿಕೊಳ್ಳೋಣ. ಅದೇ ಅಂಬಾಸಿಡರ್.

ಗಾಡಿಯ ಹಿನ್ನೆಲೆ

ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆ ಸ್ಥಾಪಿತವಾದುದು 1942ರಲ್ಲಿ. ಮೊದಲು ಗುಜರಾತಿನ ಓಖಾ ಬಂದರಿನಲ್ಲಿದ್ದ ಅದರ ಕೆಲಸ 1948ರಲ್ಲಿ ಪಶ್ಚಿಮ ಬಂಗಾಳದ ಉತ್ತರಪಾಡಾಕ್ಕೆ ವರ್ಗವಾಯಿತು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮೂರನೆಯ ಮಾದರಿಯನ್ನು ಆಧರಿಸಿ 1957-58ರಲ್ಲಿ ಅಂಬಾಸಿಡರ್ ಹೊರಬಂದಿತು. ಮೊದಮೊದಲ ಗಾಡಿಗಳಲ್ಲಿ ಬೇರೊಂದು ಎಂಜಿನ್ನು ಇದ್ದಿತು. ಬಳಿಕ ಬಂದು ದಶಕಗಳ ಕಾಲ ಉಳಿದದ್ದು 1489 ಘನ ಸೆಂಟಿಮೀಟರಿನ, ನಾಲ್ಕು ಸಿಲಿಂಡರುಗಳ ಪೆಟ್ರೋಲ್ ಎಂಜಿನ್ನು. ಸರ್ಕಾರಿ ಅಧಿಕಾರಿಗಳನ್ನೂ ಬಾಡಿಗೆಯ ಪ್ರಯಾಣಿಕರನ್ನೂ ಒಂದೇ ಸಮನಾಗಿ ಹೊತ್ತ ಈ ಗಾಡಿಯ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತುಹೋಯಿತು.

ತಯಾರಿಕೆ ನಿಂತುದರಿಂದ ಬಿಚ್ಚುವವನ ಹೊಣೆ ಹೆಚ್ಚಿತು. ಹಿಂದೆ ಒಂದು ಭಾಗ ಕೆಟ್ಟರೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗೆ ಹೋಗಿ ಹೊಸದನ್ನು ತರಬಹುದಾಗಿತ್ತು. ಈಗ ಅನೇಕ ಭಾಗಗಳನ್ನು ಹಳೆಯ ಗಾಡಿಗಳಿಂದಲೇ ಹುಡುಕಿ ತೆಗೆಯಬೇಕು, ಇಲ್ಲವೇ ಲೇತಿನಲ್ಲಿ ಕಡೆಸಬೇಕು. ಹೀಗಿರುವಾಗ ಉಳಿಸಿಕೊಳ್ಳಬಹುದಾದ ಭಾಗವನ್ನು ಅಜಾಗರೂಕತೆಯಿಂದ ಕೆಡಿಸಿದರೆ ಆ ನಷ್ಟ ಸುಲಭವಾಗಿ ತುಂಬುವಂತಹುದಲ್ಲ.

ಬಿಚ್ಚುವ ಮೊದಲು

ವೈದ್ಯನು ಕತ್ತಿ ಹಿಡಿಯುವ ಮುನ್ನ ರೋಗಿಯ ನಾಡಿ ನೋಡುತ್ತಾನಷ್ಟೆ. ಎಂಜಿನ್ನಿಗೂ ಅಂತಹ ಒಂದು ಪರೀಕ್ಷೆಯುಂಟು. ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ನಾಲ್ಕು ಸ್ಪಾರ್ಕ್ ಪ್ಲಗ್ಗುಗಳನ್ನೂ ತೆಗೆಯಬೇಕು. (ಬೆಂಗಳೂರಿನಲ್ಲಿ ತಯಾರಾದ ಮೈಕೊ ಪ್ಲಗ್ಗುಗಳು ನಮ್ಮ ದೇಶದ ಮೋಟಾರುಗಳಲ್ಲಿ ಎಷ್ಟೋ ವರ್ಷ ಕಿಡಿ ಹಾರಿಸಿವೆ.) ಪ್ಲಗ್ಗಿನ ರಂಧ್ರಕ್ಕೆ ಒತ್ತಡಮಾಪಕವನ್ನು ಹಿಡಿದು ಎಂಜಿನ್ನನ್ನು ತಿರುಗಿಸಿದರೆ, ಪಿಸ್ಟನ್ನು ಗಾಳಿಯನ್ನು ಎಷ್ಟು ಒತ್ತಬಲ್ಲುದು ಎಂಬುದು ತಿಳಿಯುತ್ತದೆ. ನಾಲ್ಕರಲ್ಲಿ ಒಂದು ಸಿಲಿಂಡರಿನ ಒತ್ತಡ ಉಳಿದವುಗಳಿಗಿಂತ ಬಹಳ ಕಡಿಮೆ ಎಂದಿಟ್ಟುಕೊಳ್ಳೋಣ. ಗಾಳಿ ಎಲ್ಲಿಂದಲೋ ಸೋರುತ್ತಿದೆ. ಎಲ್ಲಿಂದ?

ಉತ್ತರ ಪಡೆಯಲು ಒಂದು ಚಮಚ ಎಂಜಿನ್ ಎಣ್ಣೆ ಸಾಕು. ಅದನ್ನು ರಂಧ್ರದ ಮೂಲಕ ಸಿಲಿಂಡರಿಗೆ ಸುರಿದು ಮತ್ತೆ ಅಳೆಯಬೇಕು. ಒತ್ತಡ ಏರಿದರೆ, ಪಿಸ್ಟನ್ನಿನ ಸುತ್ತಲಿನ ಉಂಗುರಗಳ ಸಂದನ್ನು ಎಣ್ಣೆ ಮುಚ್ಚಿತೆಂದು ಅರ್ಥ. ಅಂದರೆ ಉಂಗುರಗಳೋ ಸಿಲಿಂಡರೋ ಸವೆದಿವೆ. ಒತ್ತಡ ಏರದಿದ್ದರೆ ಸೋರಿಕೆ ಮೇಲಿನ ಕವಾಟಗಳಲ್ಲಿರುವ ಸಂಭವ ಹೆಚ್ಚು. ಪಕ್ಕಪಕ್ಕದ ಎರಡು ಸಿಲಿಂಡರುಗಳಲ್ಲಿಯೂ ಒತ್ತಡ ಕಡಿಮೆಯಾಗಿದ್ದರೆ ಅವುಗಳ ನಡುವೆ ಗ್ಯಾಸ್ಕೆಟ್ಟು ಸುಟ್ಟಿರಬಹುದು. ಎಂಜಿನ್ನನ್ನು ಬಿಚ್ಚಿದ ಮೇಲೆ ಈ ಪ್ರಶ್ನೆಗಳನ್ನು ಹೀಗೆ ಕೇಳಲು ಸಾಧ್ಯವಿಲ್ಲ.

ಹೊರಕ್ಕೆ ತೆಗೆಯುವ ಕ್ರಮ

ಮೊದಲನೆಯದಾಗಿ ಬ್ಯಾಟರಿಯ ತಂತಿಗಳನ್ನು ಕಳಚಬೇಕು. ಪೆಟ್ರೋಲಿನ ಕೊಳವೆ ಬಿಚ್ಚುವಾಗ ಒಂದು ಕಿಡಿ ಹಾರಿದರೂ ಅನರ್ಥವಾದೀತು. ಆಮೇಲೆ ರೇಡಿಯೇಟರಿನ ನೀರನ್ನೂ ಎಂಜಿನ್ನಿನ ಎಣ್ಣೆಯನ್ನೂ ಪಾತ್ರೆಗಳಿಗೆ ಇಳಿಸಬೇಕು. ಬಳಸಿದ ಎಣ್ಣೆಯನ್ನು ಚರಂಡಿಗೆ ಚೆಲ್ಲಬಾರದು. ಅದು ದಿನಗಟ್ಟಲೆ ಚರ್ಮಕ್ಕೆ ಸೋಕುತ್ತಿರುವುದೂ ಒಳ್ಳೆಯದಲ್ಲ. ಬಾನೆಟ್ಟು ಮತ್ತು ರೇಡಿಯೇಟರುಗಳನ್ನು ತೆಗೆದ ಮೇಲೆ ಕಾರ್ಬುರೇಟರಿನ ಕೊಂಡಿಗಳು, ಡೈನಮೊ ಮತ್ತು ಸ್ಟಾರ್ಟರುಗಳ ತಂತಿಗಳು, ಹೊಗೆಕೊಳವೆ ಇವು ಕ್ರಮವಾಗಿ ಬರುತ್ತವೆ. ಪ್ರತಿ ತಂತಿಗೂ ಒಂದು ಚೀಟಿ ಕಟ್ಟಿ, ಅದು ಸೇರಿದ್ದ ಸ್ಥಾನವನ್ನು ಬರೆದಿಡುವುದು ವಿವೇಕ.

ಇಲ್ಲಿ ಸ್ಪ್ಯಾನರಿನ ವಿಷಯವಾಗಿ ಒಂದು ಮಾತು. ಈ ಎಂಜಿನ್ನಿನ ಬೋಲ್ಟು ನಟ್ಟುಗಳು ಅಂಗುಲದ ಲೆಕ್ಕದವು. ಅರ್ಧ ಅಂಗುಲದ ನಟ್ಟು 12.7 ಮಿಲಿಮೀಟರು ಅಗಲವಿರುತ್ತದೆ. ಅದಕ್ಕೆ ಇಂದಿನ 13 ಮಿಲಿಮೀಟರಿನ ಸ್ಪ್ಯಾನರು ಹೊಂದಿದಂತೆಯೇ ಕಂಡರೂ 0.3 ಮಿಲಿಮೀಟರಿನ ಸಡಿಲ ಉಳಿಯುತ್ತದೆ. ಬಲವೆಲ್ಲ ನಟ್ಟಿನ ಚಪ್ಪಟೆ ಮುಖಗಳ ಮೇಲೆ ಬೀಳದೆ ಮೂಲೆಗಳ ಮೇಲೆ ಬಿದ್ದು ಅವು ಉರುಟಾಗುತ್ತವೆ. ಇನ್ನು ತುಕ್ಕು ಹಿಡಿದ ನಟ್ಟಿನದು ಬೇರೊಂದು ಕಥೆ. ಕಬ್ಬಿಣವು ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ. ಆದುದರಿಂದ ಮರೆಗಳ ಸಂದಿನಲ್ಲಿ ಬೆಳೆದ ತುಕ್ಕು ಬೆಣೆ ಹೊಡೆದಂತೆ ಬಿಗಿದುಕೊಳ್ಳುತ್ತದೆ. ತೆಳ್ಳನೆಯ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯುವವನಿಗೆ ಆಗುವ ಕೆಲಸ, ಉದ್ದನೆಯ ಹಿಡಿ ಹಾಕಿ ಜಗ್ಗುವವನಿಗೆ ಆಗುವುದಿಲ್ಲ. ಅವನ ಕೈಯಲ್ಲಿ ಬೋಲ್ಟೇ ಮುರಿದು ಬರುತ್ತದೆ.

ಎಂಜಿನ್ನನ್ನೂ ಗೇರ್‌ಪೆಟ್ಟಿಗೆಯನ್ನೂ ಒಟ್ಟಿಗೆ ಎತ್ತುವುದಾದರೆ, ಗಾಡಿಯ ಅಡಿಯಲ್ಲಿ ಹಿಂದಿನ ಅಚ್ಚಿನವರೆಗೆ ಹೋಗುವ ಉದ್ದನೆಯ ಪ್ರೊಪೆಲ್ಲರ್ ದಂಡವನ್ನು ಮೊದಲು ಬಿಡಿಸಬೇಕು. ಕೇವಲ ಜ್ಯಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಎಂದಿಗೂ ತೂರಬಾರದು; ಭದ್ರವಾದ ಆಸರೆಗಳನ್ನು ಕೊಟ್ಟ ಮೇಲೆಯೇ ಕೆಲಸ. ದಂಡ ಕಳಚಿದ ಬಳಿಕ ಎಂಜಿನ್ನಿಗೆ ಸರಪಣಿ ಬಿಗಿದು, ಮೇಲಿನ ತೊಲೆಗೆ ಕಟ್ಟಿದ ಚೈನ್ ಬ್ಲಾಕಿನಿಂದ ಎತ್ತುತ್ತಾರೆ. ಮೂತಿ ಮೇಲಾಗಿ ಬಾಲ ಕೆಳಗಾಗಿ ಓರೆಯಾಗಿ ಅದು ಹೊರಬರುತ್ತದೆ.

ಸರಪಣಿ ಕಟ್ಟುವುದರಲ್ಲಿಯೂ ಭೌತಶಾಸ್ತ್ರವಿದೆ. ಭಾರವನ್ನು ಎರಡು ಎಳೆಗಳು ಹೊತ್ತಿವೆಯಾದುದರಿಂದ ಒಂದೊಂದಕ್ಕೂ ಅರ್ಧರ್ಧ ಪಾಲು ಎಂದು ತೋರಬಹುದು. ಎರಡು ಎಳೆಗಳೂ ನೆಟ್ಟಗೆ ತೂಗಿದರೆ ಮಾತ್ರ ಅದು ನಿಜ. ಅವುಗಳ ನಡುವಿನ ಕೋನ 60 ಡಿಗ್ರಿಯಾದರೆ ಪ್ರತಿ ಎಳೆಯ ಮೇಲೂ ಭಾರದ 0.58 ರಷ್ಟು ಎಳೆತ ಬೀಳುತ್ತದೆ. ಕೋನ 120 ಡಿಗ್ರಿಯಾದರೆ ಒಂದೊಂದು ಎಳೆಯೂ ಇಡೀ ಎಂಜಿನ್ನಿನ ತೂಕದಷ್ಟೇ ಎಳೆತವನ್ನು ತಡೆಯಬೇಕಾಗುತ್ತದೆ. ಗಿಡ್ಡ ಸರಪಣಿಯನ್ನು ಅಗಲವಾಗಿ ಹರಡಿ ಕಟ್ಟುವುದು ಅಪಾಯಕರವೆನ್ನುವುದು ಇದೇ ಕಾರಣದಿಂದ.

ಎಂಜಿನ್ನಿನ ತಲೆ

ಹೊರಬಂದ ಎಂಜಿನ್ನಿನ ಹೊರಮೈಯನ್ನು ಸೀಮೆಎಣ್ಣೆಯಿಂದ ತೊಳೆದ ಮೇಲೆ ಅದರ ತಲೆಯನ್ನು, ಎಂದರೆ ಸಿಲಿಂಡರ್ ಹೆಡ್ಡನ್ನು, ಬಿಚ್ಚಬೇಕು. ಪ್ರತಿ ಸಿಲಿಂಡರಿನ ವ್ಯಾಸ 73.025 ಮಿಲಿಮೀಟರು. ಅಂದರೆ ಪಿಸ್ಟನ್ನಿನ ಮುಖದ ವಿಸ್ತೀರ್ಣ ಸುಮಾರು 42 ಚದರ ಸೆಂಟಿಮೀಟರು. ದಹನದ ಗಳಿಗೆಯಲ್ಲಿ ಒಳಗಿನ ಒತ್ತಡ ವಾಯುಮಂಡಲದ ಒತ್ತಡದ ಮೂವತ್ತರಷ್ಟಾಯಿತೆಂದು ಹಿಡಿದರೂ, ಒಂದೊಂದು ಸಿಲಿಂಡರಿನ ಮೇಲಿನ ತಲೆಯನ್ನು 1200 ಕಿಲೋಗ್ರಾಮಿಗೂ ಮೀರಿದ ಬಲ ಮೇಲಕ್ಕೆ ನೂಕುತ್ತದೆ. ಇದನ್ನು ತಡೆದು ಹಿಡಿದಿರುವುದು ಸುತ್ತಲಿನ ನಟ್ಟುಗಳು. ರಾಕರ್ ಪೀಠಗಳನ್ನು ಹಿಡಿದ ನಟ್ಟುಗಳಲ್ಲಿಯೂ ಕೆಲವು ತಲೆಯನ್ನು ಬಿಗಿಯುವುದರಲ್ಲಿ ಪಾಲುಗೊಳ್ಳುತ್ತವೆ. ಒಂದು ಪಕ್ಕದ ನಟ್ಟುಗಳನ್ನು ಪೂರ್ತಿಯಾಗಿ ಬಿಚ್ಚಿ ಅನಂತರ ಇನ್ನೊಂದು ಪಕ್ಕಕ್ಕೆ ಹೋದರೆ, ಬಿಗಿಯಾಗಿ ಉಳಿದ ಪಕ್ಕದ ಸೆಳೆತಕ್ಕೆ ತಲೆ ಬಾಗುತ್ತದೆ. ಆದುದರಿಂದ ತಣ್ಣಗಿರುವ ಎಂಜಿನ್ನಿನಲ್ಲಿ ತುದಿಗಳಿಂದ ಆರಂಭಿಸಿ ನಡುವಿನ ಕಡೆಗೆ, ಒಂದೊಂದನ್ನೂ ಸ್ವಲ್ಪಸ್ವಲ್ಪವೇ ಸಡಿಲಿಸುತ್ತ ಬರಬೇಕು. ಬಿಗಿಯುವಾಗ ಇದೇ ಕ್ರಮ ತಿರುವುಮುರುವು.

ಕವಾಟಗಳನ್ನು ಮೇಲೆ ಕೆಳಗೆ ಆಡಿಸುವ ಎಂಟು ನೂಕುಕಡ್ಡಿಗಳು ನೋಡಲು ಒಂದೇ ತೆರನಾಗಿವೆ. ಅವುಗಳ ಬುಡದ ಟ್ಯಾಪೆಟ್ಟುಗಳೂ ಹಾಗೆಯೇ. ಆದರೆ ಒಂದೊಂದು ಟ್ಯಾಪೆಟ್ಟಿನ ಮುಖವೂ ತನ್ನ ಕ್ಯಾಮಿಗೆ ಮಾತ್ರ ಹೊಂದುವಂತೆ ಸವೆದಿದೆ. ಅದಲುಬದಲಾದರೆ ಎರಡು ಅಪರಿಚಿತ ಮುಖಗಳು ಕೂಡಿ ಬೇಗನೆ ತಿನ್ನಿಕೊಳ್ಳುತ್ತವೆ. ರಟ್ಟಿನ ಹಲಗೆಯೊಂದಕ್ಕೆ ಎಂಟು ತೂತು ಕೊರೆದು, ಸಂಖ್ಯೆ ಬರೆದು, ಕಡ್ಡಿಗಳನ್ನು ಅದರಲ್ಲಿ ಸಿಕ್ಕಿಸಿಡುವುದು ಕಾಸಿಲ್ಲದ ಉಪಾಯ.

ತಲೆಯ ಒಳಮೈಯಲ್ಲಿ ಇಂಧನದ ಚರಿತ್ರೆಯೂ ಬರೆದಿರುತ್ತದೆ. ಹಿಂದಿನ ಪೆಟ್ರೋಲಿಗೆ ಸೀಸದ ಒಂದು ಸಂಯುಕ್ತವನ್ನು ಬೆರೆಸುತ್ತಿದ್ದರು. ಅದರ ಶೇಷವು ಹೊಗೆಕವಾಟ ಕೂರುವ ಪೀಠದ ಮೇಲೆ ತೆಳ್ಳಗೆ ಲೇಪವಾಗಿ, ಬಿಸಿಲೋಹಗಳು ಒಂದಕ್ಕೊಂದು ಅಂಟದಂತೆ ಕಾಪಾಡುತ್ತಿತ್ತು. ಸೀಸವು ಮೆದುಳಿಗೆ, ಅದರಲ್ಲಿಯೂ ಮಕ್ಕಳ ಮೆದುಳಿಗೆ, ವಿಷವಾದುದರಿಂದ 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲು ಜಾರಿಗೆ ಬಂದಿತು. ಜನಕ್ಕೆ ಇದು ಹಿತವೇ. ಆದರೆ ಹಳೆಯ ಎಂಜಿನ್ನಿನ ಎರಕದ ಕಬ್ಬಿಣದ ಪೀಠಕ್ಕೆ ಹಳೆಯ ಲೇಪ ಇಲ್ಲವಾಗಿ, ಕವಾಟವು ಪೀಠದೊಳಕ್ಕೆ ನಿಧಾನವಾಗಿ ಇಳಿಯತೊಡಗುತ್ತದೆ. ಹೀಗೆ ತಗ್ಗಾದ ಪೀಠ ಕಂಡರೆ ಅಲ್ಲಿ ಗಟ್ಟಿ ಉಕ್ಕಿನ ಉಂಗುರ ಕೂರಿಸಬೇಕು. ತಲೆಯಲ್ಲಿ ಕಾಣುವ ಬೂದುಬಣ್ಣದ ಹಳೆಯ ಕಿಟ್ಟದಲ್ಲಿ ಸೀಸವಿರಬಹುದು. ಹಳೆಯ ಗ್ಯಾಸ್ಕೆಟ್ಟು ಮತ್ತು ಕ್ಲಚ್ಚುಗಳ ಪುಡಿಯಲ್ಲಿ ಕಲ್ನಾರು ಇರಬಹುದು. ಎರಡನ್ನೂ ಒಣಗಿದಂತೆಯೇ ಕೆರೆದು ಊದಬಾರದು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಸಿಲಿಂಡರು ಹೇಳುವ ಕಥೆ

ತಲೆ ತೆಗೆದಾಗ ನಾಲ್ಕು ಸಿಲಿಂಡರುಗಳ ಬಾಯಿ ಕಾಣುತ್ತದೆ. ಒಳಗೋಡೆಯ ಮೇಲುಭಾಗದಲ್ಲಿ ಬೆರಳಾಡಿಸಿದರೆ, ಬಾಯಿಯಿಂದ ತುಸು ಕೆಳಗೆ ಒಂದು ಏಣು ಉಗುರಿಗೆ ತಾಗುತ್ತದೆ. ಇದು ಹೇಗೆ ಬಂದಿತು?

ಪಿಸ್ಟನ್ನು ಒಂದು ಸಲಕ್ಕೆ ಸಾಗುವ ದೂರ 88.9 ಮಿಲಿಮೀಟರು. ಎಂಜಿನ್ನು ನಿಮಿಷಕ್ಕೆ 4200 ಸುತ್ತು ತಿರುಗುವಾಗ ಅದರ ಸರಾಸರಿ ವೇಗ ಸೆಕೆಂಡಿಗೆ ಸುಮಾರು 12.4 ಮೀಟರು. ಹೀಗೆ ಓಡುವಾಗ ಉಂಗುರಕ್ಕೂ ಗೋಡೆಗೂ ನಡುವೆ ಎಣ್ಣೆಯ ತೆಳುಪದರವೊಂದು ನಿಲ್ಲುತ್ತದೆ. ಲೋಹಕ್ಕೆ ಲೋಹ ತಗಲುವುದು ಕಡಿಮೆ. ಆದರೆ ಮೇಲಿನ ತುದಿಯಲ್ಲಿ ಪಿಸ್ಟನ್ನು ದಿಕ್ಕು ಬದಲಿಸಬೇಕಾದುದರಿಂದ ಒಂದು ಕ್ಷಣ ನಿಂತೇ ಬಿಡುತ್ತದೆ. ಚಲನೆ ನಿಂತೊಡನೆ ಎಣ್ಣೆಯ ಪದರ ಮುರಿಯುತ್ತದೆ. ಅದೇ ಕ್ಷಣದಲ್ಲಿ ಮೇಲೆ ಬೆಂಕಿ ಹೊತ್ತಿ, ಬಿಸಿ ಅನಿಲವು ಉಂಗುರದ ಹಿಂದೆ ನುಗ್ಗಿ ಅದನ್ನು ಗೋಡೆಗೆ ಒತ್ತುತ್ತದೆ. ಹೀಗಾಗಿ ಸಿಲಿಂಡರು ಎಲ್ಲಕ್ಕಿಂತ ಹೆಚ್ಚಾಗಿ ಸವೆಯುವುದು ಆ ಎತ್ತರದಲ್ಲಿ. ಅದಕ್ಕಿಂತ ಮೇಲೆ ಉಂಗುರ ಹೋಗದಿರುವುದರಿಂದ ಅಲ್ಲಿನ ಗೋಡೆ ಹೊಸದಾಗಿದ್ದಂತೆಯೇ ಉಳಿದು ಏಣಾಗಿ ನಿಲ್ಲುತ್ತದೆ.

ಈ ಎಂಜಿನ್ನಿನಲ್ಲಿ ಪಿಸ್ಟನ್ನನ್ನು ಅದರ ದಂಡದೊಡನೆ ಮೇಲಿನಿಂದಲೇ ಹೊರತೆಗೆಯಬೇಕು. ಏಣನ್ನು ಮೊದಲು ನಯವಾಗಿ ಕೆರೆದು ತೆಗೆಯದೆ ನೂಕಿದರೆ ಉಂಗುರಗಳು ಅದಕ್ಕೆ ಸಿಕ್ಕಿ ಮುರಿಯುತ್ತವೆ. ಪಿಸ್ಟನ್ನಿನ ಉಂಗುರದ ಕಾಲುವೆಯೂ ಒಡೆದೀತು. ಕಣ್ಣಿಗೆ ಕಾಣದ ಕಾರಣವೊಂದನ್ನು ತಿಳಿದವನು ಇಲ್ಲಿ ನಾಲ್ಕು ಪಿಸ್ಟನ್ನುಗಳನ್ನು ಉಳಿಸುತ್ತಾನೆ.

ಸವೆತವನ್ನು ಅಳೆಯುವ ಮಾನ ಅಂಗುಲದ ಸಾವಿರದ ಒಂದು ಭಾಗ, ಎಂದರೆ 0.0254 ಮಿಲಿಮೀಟರು. ನಮ್ಮ ತಲೆಗೂದಲಿನ ದಪ್ಪ ಇಂತಹ ಮೂರು ಭಾಗಗಳ ಆಸುಪಾಸಿನದು. ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ, ಎಂಜಿನ್ನಿನ ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಅಳೆಯಬೇಕು. ಓರೆಯಾದ ದಂಡವು ಪಿಸ್ಟನ್ನನ್ನು ಪಕ್ಕದ ಗೋಡೆಗೆ ಒತ್ತುವುದರಿಂದ ಅಡ್ಡ ಅಳತೆಯೇ ಸಾಮಾನ್ಯವಾಗಿ ದೊಡ್ಡದಾಗಿರುತ್ತದೆ. ದುಂಡಾಗಿದ್ದ ಸಿಲಿಂಡರು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಸವೆತ ಮಿತಿ ಮೀರಿದ್ದರೆ ಕೊರೆದು ದೊಡ್ಡದು ಮಾಡಿ, ಅಂಗುಲದ ಸಾವಿರದ 10, 20, 30 ಅಥವಾ 40 ಭಾಗ ಹೆಚ್ಚಿನ ಪಿಸ್ಟನ್ನುಗಳನ್ನು ಹಾಕುತ್ತಾರೆ. ಬ್ಲಾಕಿನ ಗೋಡೆ ತೆಳುವಾದಷ್ಟೂ ಮುಂದಿನ ಅವಕಾಶ ಕಡಿಮೆಯಾಗುತ್ತದೆ. ಆದುದರಿಂದ 10ರಲ್ಲಿ ಮುಗಿಯುವ ಕೆಲಸಕ್ಕೆ 40ರವರೆಗೆ ಕೊರೆಯುವುದು ದುಂದುಗಾರಿಕೆ.

ಕೆಳಗಿನ ಕ್ರ್ಯಾಂಕ್ ದಂಡವು ಮೂರು ಬೇರಿಂಗುಗಳಲ್ಲಿ ತಿರುಗುತ್ತದೆ. ಬೇರಿಂಗಿನ ಚಿಪ್ಪುಗಳಿಗೆ ಮೃದುಲೋಹದ ಲೇಪವಿದೆ. ಎಣ್ಣೆಯಲ್ಲಿ ಬಂದ ಮರಳಿನ ಕಣ ಆ ಮೃದುಲೋಹದಲ್ಲಿ ಹೂತುಹೋಗಿ, ಬೆಲೆಬಾಳುವ ಕ್ರ್ಯಾಂಕ್ ದಂಡ ಗೀರಿನಿಂದ ಪಾರಾಗುತ್ತದೆ. ಬೇರಿಂಗಿನ ಮುಚ್ಚಳಗಳನ್ನು ಬ್ಲಾಕಿಗೆ ಬಿಗಿದಿಟ್ಟೇ ರಂಧ್ರವನ್ನು ಕೊರೆದಿರುವುದರಿಂದ, ಒಂದರ ಮುಚ್ಚಳ ಇನ್ನೊಂದಕ್ಕೆ ಒಗ್ಗುವುದಿಲ್ಲ. ಹಿಂದುಮುಂದಾಗಿ ಕೂರಿಸಿದರೂ ರಂಧ್ರ ದುಂಡಗಿರುವುದಿಲ್ಲ. ಪಿಸ್ಟನ್ ದಂಡಗಳ ಮುಚ್ಚಳಗಳಿಗೂ ಇದೇ ನಿಯಮ. ಬಿಚ್ಚುವ ಮೊದಲೇ ಅವುಗಳ ಮೇಲಿನ ಸಂಖ್ಯೆಗಳನ್ನು ನೋಡಿ, ಇಲ್ಲದಿದ್ದರೆ ಗುರುತು ಹಾಕಿ, ಬಿಚ್ಚಿದೊಡನೆ ಆಯಾ ದಂಡಕ್ಕೇ ಸಡಿಲವಾಗಿ ತಿರುಗಿಸಿಡಬೇಕು.

ಗೇರ್‌ಪೆಟ್ಟಿಗೆ ಮತ್ತು ಹಿಂದಿನ ಅಚ್ಚು

ಎಂಜಿನ್ನಿನಲ್ಲಿ ಹುಟ್ಟಿದ ಶಕ್ತಿ ಕ್ಲಚ್ಚು, ಗೇರ್‌ಪೆಟ್ಟಿಗೆ, ಪ್ರೊಪೆಲ್ಲರ್ ದಂಡ, ಡಿಫರೆನ್ಷಿಯಲ್ ಇವುಗಳನ್ನು ಹಾದು ಹಿಂದಿನ ಚಕ್ರಗಳನ್ನು ಮುಟ್ಟುತ್ತದೆ. ಗೇರ್‌ಪೆಟ್ಟಿಗೆಯನ್ನು ಎಂಜಿನ್ನಿನಿಂದ ಬೇರ್ಪಡಿಸುವಾಗ ಅದನ್ನು ನೆಟ್ಟಗೆ ಹಿಂದಕ್ಕೆ ಎಳೆಯಬೇಕು. ಪೆಟ್ಟಿಗೆಯ ಭಾರ ಕ್ಲಚ್ಚಿನೊಳಗಿನ ದಂಡದ ಮೇಲೆ ಜೋತುಬಿದ್ದರೆ ಕ್ಲಚ್ ಪ್ಲೇಟು ಬಾಗುತ್ತದೆ. ಪೆಟ್ಟಿಗೆಯ ಒಳಗೆ ಸ್ಪ್ರಿಂಗುಗಳ ಒತ್ತಡದಲ್ಲಿ ಕುಳಿತ ಸಣ್ಣ ಉಕ್ಕಿನ ಗುಂಡುಗಳಿವೆ. ಬಟ್ಟೆ ಮುಚ್ಚದೆ ಕಳಚಿದರೆ ಅವು ಚಿಮ್ಮಿ ಕಾಣೆಯಾಗುತ್ತವೆ. ಈ ಹಳೆಯ ಪೆಟ್ಟಿಗೆಗಳಲ್ಲಿ ಒಂದನೆಯ ಗೇರಿಗೆ ವೇಗಗಳನ್ನು ಸರಿಹೊಂದಿಸುವ ಸಿಂಕ್ರೋಮೆಶ್ ಇಲ್ಲ. ಗಾಡಿ ಪೂರ್ತಿ ನಿಲ್ಲುವ ಮೊದಲೇ ಒಂದನೆಯ ಗೇರಿಗೆ ಹಾಕುವ ಅಭ್ಯಾಸ ಚಾಲಕನಿಗಿತ್ತೇ ಎಂಬುದನ್ನು ಆ ಹಲ್ಲುಗಳ ಮುಕ್ಕಾದ ತುದಿಗಳೇ ಹೇಳುತ್ತವೆ.

ಪ್ರೊಪೆಲ್ಲರ್ ದಂಡದ ಎರಡು ತುದಿಗಳಲ್ಲಿಯೂ ಶಿಲುಬೆಯಾಕಾರದ ಕೀಲುಗಳಿವೆ. ಓರೆಯಾಗಿ ತಿರುಗುವ ಒಂದು ಕೀಲು ಚಲನೆಯನ್ನು ಸಮವಾಗಿ ದಾಟಿಸುವುದಿಲ್ಲ. ಓರೆ 10 ಡಿಗ್ರಿಯಾದರೆ ಪ್ರತಿ ಸುತ್ತಿನಲ್ಲಿಯೂ ಎರಡೆರಡು ಬಾರಿ ವೇಗ ಶೇಕಡಾ 1.5 ರಷ್ಟು ಏರಿ ಇಳಿಯುತ್ತದೆ. ಎರಡನೆಯ ಕೀಲು ಇದಕ್ಕೆ ಸರಿಯಾಗಿ ವಿರುದ್ಧವಾದ ಏರಿಳಿತವನ್ನುಂಟುಮಾಡಿ ಮೊದಲನೆಯದನ್ನು ಅಳಿಸುತ್ತದೆ. ಆದರೆ ದಂಡದ ಎರಡು ತುದಿಗಳ ಕವಲುಗಳೂ ಒಂದೇ ನೇರದಲ್ಲಿದ್ದರೆ ಮಾತ್ರ ಹೀಗಾಗುತ್ತದೆ. ಜಾರುವ ತುದಿಯನ್ನು ಕಳಚಿ ಬೇರೆ ಹಲ್ಲಿಗೆ ಕೂರಿಸಿದರೆ ಏರಿಳಿತಗಳು ಅಳಿಯದೆ ಉಳಿದು, ಗಾಡಿಯೆಲ್ಲ ನಡುಗುತ್ತದೆ. ಬಿಚ್ಚುವ ಮೊದಲು ಸೀಮೆಸುಣ್ಣದ ಬದಲು ಅಳಿಯದ ಬಣ್ಣದ ಗೆರೆಯೊಂದನ್ನು ಎಳೆದಿದ್ದರೆ ಈ ತೊಡಕೇ ಬರುವುದಿಲ್ಲ.

ಕೊನೆಯದು ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಸಾಗಬೇಕು. ದೊಡ್ಡ ಕ್ರೌನ್ ಚಕ್ರ 100 ಸುತ್ತು ತಿರುಗುವಾಗ ಒಳಗಿನ ಚಕ್ರ 90 ಸುತ್ತು, ಹೊರಗಿನದು 110 ಸುತ್ತು ತಿರುಗಬಹುದು. ಎರಡರ ಸರಾಸರಿ ಮಾತ್ರ ಯಾವಾಗಲೂ 100. ಇದನ್ನು ಅಚ್ಚಿನಿಂದ ಹೊರತೆಗೆಯುವ ಮುನ್ನ ಎರಡು ಪಕ್ಕದ ಅರ್ಧದಂಡಗಳನ್ನೂ ಎಳೆದುಕೊಳ್ಳಬೇಕು. ಕ್ರೌನ್ ಚಕ್ರವೂ ಅದನ್ನು ತಿರುಗಿಸುವ ಪಿನಿಯನ್ನೂ ಕಾರ್ಖಾನೆಯಲ್ಲಿ ಒಟ್ಟಿಗೆ ಉಜ್ಜಿ ಹೊಂದಿಸಿದ ಜೋಡಿ. ಪಿನಿಯನ್ನಿನ ಅಕ್ಷವು ಕ್ರೌನಿನ ಅಕ್ಷಕ್ಕಿಂತ ಕೆಳಗಿರುವುದರಿಂದ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಜಾರುತ್ತವೆ. ಇದಕ್ಕೆ ವಿಶೇಷವಾದ ಎಣ್ಣೆಯೇ ಬೇಕು. ಒಂದು ಗಾಡಿಯ ಕ್ರೌನನ್ನು ಇನ್ನೊಂದರ ಪಿನಿಯನ್ನಿಗೆ ಕೂಡಿಸಿದರೆ ಹಲ್ಲುಗಳ ಸ್ಪರ್ಶ ತಪ್ಪಿ ಗಾಡಿ ಗುಂಯ್‌ಗುಟ್ಟತೊಡಗುತ್ತದೆ. ಕ್ರಮೇಣ ಹಲ್ಲುಗಳು ಮುರಿಯುತ್ತವೆ. ಗುಜರಿಯಿಂದ ತರುವುದಾದರೆ ಎರಡನ್ನೂ ಜೋಡಿಯಾಗಿಯೇ ತರಬೇಕು. ಹಲ್ಲುಗಳಿಗೆ ನೀಲಿಬಣ್ಣ ಸವರಿ ತಿರುಗಿಸಿ, ಬಣ್ಣ ಅಳಿಸಿದ ಜಾಗ ಹಲ್ಲಿನ ನಡುವೆಯೇ ಬರುವುದೇ ಎಂದು ನೋಡುವುದು ಪರೀಕ್ಷೆಯ ಕ್ರಮ.

ಇಷ್ಟು ಕೆಲಸ ಮುಗಿದಾಗ ಬೆಂಚಿನ ಮೇಲೆ ನೂರಾರು ಬಿಡಿಭಾಗಗಳು ಹರಡಿರುತ್ತವೆ. ಅವುಗಳ ಪಕ್ಕದಲ್ಲಿ ಒಂದು ನೋಟುಪುಸ್ತಕವಿರಬೇಕು: ಮೊದಲ ದಿನದ ಒತ್ತಡದ ಅಳತೆಗಳು, ನಾಲ್ಕು ಸಿಲಿಂಡರುಗಳ ವ್ಯಾಸಗಳು, ಮುಚ್ಚಳಗಳ ಸಂಖ್ಯೆಗಳು, ಗುರುತುಗಳ ಚಿತ್ರಗಳು. ಇಂದು ಕೈಯಲ್ಲಿರುವ ದೂರವಾಣಿಯಿಂದಲೇ ಪ್ರತಿ ಹಂತದ ಛಾಯಾಚಿತ್ರ ತೆಗೆಯಬಹುದು. ಆದರೆ ಅಳತೆಯನ್ನು ಚಿತ್ರ ತೋರಿಸುವುದಿಲ್ಲ. ಅದನ್ನು ಮೈಕ್ರೋಮೀಟರಿನಿಂದ ಪಡೆದು ಕೈಯಾರೆ ಬರೆಯಲೇಬೇಕು. ಅಂಬಾಸಿಡರನ್ನು ತಯಾರಿಸಿದ ಕಾರ್ಖಾನೆ ಬಾಗಿಲು ಹಾಕಿದೆ. ಅದನ್ನು ಕೈಯಾರೆ ಬಿಚ್ಚಿ ಕಟ್ಟಿದ ಹಿರಿಯ ಮೆಕ್ಯಾನಿಕರು ಮಾತ್ರ ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಯಂತ್ರಶಾಸ್ತ್ರವನ್ನು ಓದುವ ವಿದ್ಯಾರ್ಥಿಗಳು ಅಂತಹವರ ಬಳಿ ನಾಲ್ಕು ದಿನ ನಿಂತು, ಅವರ ಕೈಗಳು ಮಾಡುವುದನ್ನು ನೋಡಿ, ಕಾರಣಗಳನ್ನು ಕೇಳಿ ಬರೆದುಕೊಂಡರೆ, ತರಗತಿಯಲ್ಲಿ ಕಲಿತ ಘರ್ಷಣೆ, ಒತ್ತಡ, ಬಲಗಳ ಪಾಠಕ್ಕೆ ಒಂದು ಪ್ರಯೋಗಶಾಲೆ ದೊರೆತಂತಾಗುತ್ತದೆ.